ಸಾವಿರ ಗಜಕ್ಕೊಂದು ತೋಟಾ

ಆಂಟಿ ಮೊದಲ ಸಲ ಅಂಗಡಿಗೆ ಬಂದಾಗ ಅವರ ಕೈಯಲ್ಲಿ ಕೋವಿಯ ಚಿತ್ರವಾಗಲಿ ಅಳತೆಯ ಚೀಟಿಯಾಗಲಿ ಇರಲಿಲ್ಲ. ಚೌಕುಳಿ ಗೆರೆಗಳ ಒಂದು ಹಾಳೆ ಇತ್ತು, ನಡುವೆ ಒಂದು ಕಪ್ಪು ಚುಕ್ಕೆ. ಕಣ್ಣಿನ ಡಾಕ್ಟರು ಕೊಟ್ಟದ್ದು. ಒಂದೊಂದೇ ಕಣ್ಣಿನಿಂದ ಚುಕ್ಕೆಯನ್ನು ನೋಡಿದಾಗ ಸುತ್ತಲಿನ ಗೆರೆಗಳೆಲ್ಲ ನೆಟ್ಟಗೆ ಕಾಣಬೇಕು. ಅವರ ಬಲಗಣ್ಣಿಗೆ ಕೆಳಗಿನ ಮೂರು ಗೆರೆಗಳು ಬಾಗಿ ಕಾಣುತ್ತಿದ್ದವು. ನಾನು ಫೋನಿನಲ್ಲಿ ನಮ್ಮಕ್ಕನ ಜೊತೆ ಜಗಳವಾಡುತ್ತಿದ್ದದ್ದನ್ನು ಬಾಗಿಲಲ್ಲೇ ನಿಂತು ಕೇಳಿಸಿಕೊಂಡಿದ್ದರೆಂದು ಕಾಣುತ್ತದೆ, ನೇರವಾಗಿ ಕನ್ನಡದಲ್ಲೇ ಮಾತು ಶುರು ಮಾಡಿದರು.

"ಎಷ್ಟು ದಿನ ಅಂತ ಡಾಕ್ಟ್ರು ಬಾಯಿ ಬಿಟ್ಟು ಹೇಳಲ್ಲ ಮಗ. ಒಂದು ವರ್ಷ ಇರಬಹುದು, ಆರು ತಿಂಗಳೂ ಇರಬಹುದು. ಕಣ್ಣಿನ ನಡುಭಾಗ ಹೋಗುತ್ತಂತೆ. ಅಷ್ಟರೊಳಗೆ ನಾನು ಸಾವಿರ ಗಜದಲ್ಲಿ ಒಂದು ಗುಂಡು ತಾಗಿಸಬೇಕು. ಅದಕ್ಕೆ ತಕ್ಕ ಕೋವಿ ಮಾಡಿಕೊಡ್ತೀಯಾ?"

ಅಮೆರಿಕದ ಮಿಲ್ಪಿಟಾಸಿನ ಗೋಡೌನುಗಳ ಸಾಲಿನ ಕೊನೆಯಲ್ಲಿ ನಮ್ಮ ಅಂಗಡಿ. ಇರುವವರು ಇಬ್ಬರೇ, ಅಮೆರಿಕನ್ ಮಾಲೀಕ ಮತ್ತು ಮಂಡ್ಯದವಳಾದ ನಾನು. ದೂರದ ಗುರಿಗೆ ಹೊಡೆಯುವವರಿಗಾಗಿ ಒಂದೊಂದೇ ರೈಫಲ್ ಕಟ್ಟಿಕೊಡುತ್ತೇವೆ. ನಳಿಗೆಯ ಕೆಲಸ ಪೂರ್ತಿ ನನ್ನದು. ಬರುವವರಲ್ಲಿ ಹೆಚ್ಚಿನವರು ಎಲ್ಲವನ್ನೂ ಇಂಟರ್‌ನೆಟ್ಟಿನಲ್ಲಿ ಓದಿಕೊಂಡು, ನನಗೇ ಪಾಠ ಹೇಳಲು ತಯಾರಾಗಿ ಬರುತ್ತಾರೆ. ಅರವತ್ತೆಂಟು ವರ್ಷದ ಕನ್ನಡದ ಹೆಂಗಸೊಬ್ಬರು ಬಂದು ಕೋವಿ ಕೇಳಿದ್ದು ಅದೇ ಮೊದಲು.

ಅವರದು ಕೊಡಗು. ಪಾಲೋ ಆಲ್ಟೋದ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡಿಕೊಂಡಿದ್ದು ನಿವೃತ್ತರಾದವರು. ಹುಡುಗಿಯಾಗಿದ್ದಾಗ, ಕೋವಿಗಳಿಗೆ ಪೂಜೆ ಮಾಡುವ ಕೈಲ್ ಮುಹೂರ್ತದ ಹಬ್ಬದ ದಿನ, ಮರದ ತುದಿಗೆ ಕಟ್ಟಿದ ತೆಂಗಿನಕಾಯಿಯನ್ನು ಅಣ್ಣಂದಿರಿಗಿಂತ ಮೊದಲು ಹೊಡೆದು ಬೀಳಿಸುತ್ತಿದ್ದರಂತೆ. ಕಾಲೇಜಿನ ಶೂಟಿಂಗ್ ಟೀಮಿನಲ್ಲಿ ಮುನ್ನೂರು ಗಜದವರೆಗೆ ಹೋಗಿದ್ದರು. ಬರುವ ವರ್ಷ ಸಾವಿರ ಗಜದ ಕ್ಯಾಂಪಿಗೆ ಕರೆದೊಯ್ಯುವುದಾಗಿ ಕೋಚು ಮಾತು ಕೊಟ್ಟಿದ್ದರು. ಬರುವ ವರ್ಷದ ಹೊತ್ತಿಗೆ ಇವರು ಮದುವೆಯಾಗಿ ಅಮೆರಿಕಕ್ಕೆ ಬಂದಾಗಿತ್ತು.

ಮದುವೆಗೆ ಹುಡುಗನ ಕಡೆಯಿಂದ ಇದ್ದದ್ದು ಒಂದೇ ಕರಾರು, ಮನೆಯಲ್ಲಿ ಕೋವಿ ಇರಕೂಡದು. ಪ್ರೀತಿಸಿ ಮಾಡಿಕೊಂಡ ಮದುವೆ, ಒಪ್ಪಿದರು. ಆ ಹುಡುಗ ಈಗ ಎಪ್ಪತ್ತೆರಡರ ಅಂಕಲ್, ಹೊರಗೆ ಪಾರ್ಕಿಂಗಿನಲ್ಲಿ ಕಾರಿನ ಗಾಜು ಅರ್ಧ ಇಳಿಸಿಕೊಂಡು ಫೋನಿನಲ್ಲಿ ಪೇಪರು ಓದುತ್ತ ಕೂತಿದ್ದರು. "ಉಡುಪಿಯವರು. ಇವರ ಮನೇಲಿ ತರಕಾರಿ ಹೆಚ್ಚೋ ಕತ್ತಿ ಬಿಟ್ರೆ ಬೇರೆ ಆಯುಧ ನೋಡಿದವರಿಲ್ಲ" ಎಂದರು ಆಂಟಿ. "ಕರ್ಕೊಂಡು ಬಂದು ಬಿಡ್ತಾರೆ. ಒಳಗೆ ಬರಲ್ಲ." ಕೋವಿ ತಯಾರಾದರೂ ಮನೆಗೆ ಬರುವುದಿಲ್ಲ, ನಮ್ಮ ಅಂಗಡಿಯ ಲಾಕರಿನಲ್ಲೇ ಇರುತ್ತದೆ ಎಂದು ಇಬ್ಬರ ನಡುವೆ ಮೊದಲೇ ಮಾತಾಗಿತ್ತು.

ಎಡಗಣ್ಣಿನಿಂದ ಹೊಡೆಯಲು ಕಲಿಯಬಹುದಲ್ಲ ಎಂದು ಕೇಳಿದೆ. ಅದು ಹುಟ್ಟಿನಿಂದಲೇ ಮಂದ ಎಂದರು. ನಂಬಿದ್ದು ಒಂದೇ ಕಣ್ಣು, ಅದೇ ಈಗ ಕೈ ಕೊಡುತ್ತಿತ್ತು.

ಹೊಸ ರೈಫಲ್ ಕಟ್ಟುವಾಗ ಮೊದಲು ತೀರ್ಮಾನವಾಗಬೇಕಾದ್ದು ತೋಟಾ. ಹಿತ್ತಾಳೆಯ ಚಿಪ್ಪು, ಒಳಗಿನ ಮದ್ದು, ತುದಿಯ ಗುಂಡು, ಇಷ್ಟೂ ಸೇರಿದರೆ ಒಂದು ತೋಟಾ. ಕೋವಿ ಮೊದಲು, ತೋಟಾ ಆಮೇಲೆ ಎಂದು ಬಹಳ ಜನ ತಿಳಿದಿದ್ದಾರೆ. ನಿಜದಲ್ಲಿ ಅಂಗಿಯನ್ನು ಮೈಯ ಅಳತೆಗೆ ಹೊಲಿದ ಹಾಗೆ ಕೋವಿಯನ್ನು ತೋಟಾದ ಅಳತೆಗೆ ಮಾಡುತ್ತೇವೆ. ನಳಿಗೆಯ ತೂತಿನ ಅಗಲ, ಒಳಗಿನ ಸುರುಳಿಯ ತಿರುವು, ತೋಟಾದ ಹಿಂದೆ ಮುಚ್ಚಿಕೊಳ್ಳುವ ಬೋಲ್ಟಿನ ಮುಖ, ಭುಜಕ್ಕೆ ಬೀಳುವ ಒದೆತ, ಎಲ್ಲವೂ ಅದರ ಮೇಲೆ ನಿಂತಿದೆ. ನಳಿಗೆಯ ಹಿಂತುದಿಯಲ್ಲಿ ತೋಟಾ ಕೂರುವ ಗೂಡನ್ನು ಒಮ್ಮೆ ಕೊರೆದ ಮೇಲೆ, ಅಯ್ಯೋ ಬೇರೆಯದು ಬೇಕಿತ್ತು ಅಂದರೆ ಆ ನಳಿಗೆಯನ್ನು ಮೂಲೆಗಿಡಬೇಕು, ಅಷ್ಟೇ.

ಬೆಂಚಿನ ಮೇಲೆ ಮೂರು ತೋಟಾ ನಿಲ್ಲಿಸಿದೆ. ಮೊದಲನೆಯದು ತ್ರೀ ಓ ಎಯ್ಟ್, ಹಳೆಯದು, ನಂಬಿಕಸ್ತ. ಸಾವಿರ ಗಜ ಮುಟ್ಟುವ ಹೊತ್ತಿಗೆ ಮಾತ್ರ ಏದುಸಿರು ಬಿಡುತ್ತದೆ. ಎರಡನೆಯದು ಸಿಕ್ಸ್ ಫೈವ್, ಅಂದರೆ ಆರೂವರೆ ಮಿಲಿಮೀಟರಿನದು. ಗುಂಡು ಸಪೂರ, ಉದ್ದ, ಒದೆತ ಕಡಿಮೆ. ಮೂರನೆಯದು ತ್ರೀ ಹಂಡ್ರೆಡ್ ಮ್ಯಾಗ್ನಮ್, ನೋಡಿದರೇ ತಿಳಿಯುತ್ತದೆ ಅದರ ದರ್ಪ. ಆಂಟಿ ಮೂರನ್ನೂ ಅಂಗೈಯಲ್ಲಿಟ್ಟು ತೂಗಿದರು. ಆಮೇಲೆ ಮ್ಯಾಗ್ನಮ್ಮನ್ನು ನನ್ನ ಕಡೆ ತಳ್ಳಿದರು.

"ಇದು."

"ಸಿಕ್ಸ್ ಫೈವ್ ಸಾಕಾಗುತ್ತೆ ಆಂಟಿ. ಇದು ಭುಜ ಒಡೆಯುತ್ತೆ."

"ಗಾಳಿಗೆ ಯಾವುದು ಕಡಿಮೆ ಸರಿಯುತ್ತೆ ಹೇಳು."

ಅದಕ್ಕೆ ಸುಳ್ಳು ಹೇಳುವಂತಿರಲಿಲ್ಲ. ಗಂಟೆಗೆ ಹತ್ತು ಮೈಲಿಯ ಅಡ್ಡಗಾಳಿ ಇದ್ದರೆ ಸಾವಿರ ಗಜ ತಲುಪುವಷ್ಟರಲ್ಲಿ ತ್ರೀ ಓ ಎಯ್ಟಿನ ಗುಂಡು ಎಂಟಡಿಯಷ್ಟು ಪಕ್ಕಕ್ಕೆ ಹೋಗುತ್ತದೆ, ಸಿಕ್ಸ್ ಫೈವಿನದು ಆರಡಿ, ಮ್ಯಾಗ್ನಮ್ಮಿನದು ಐದೂವರೆ. ಗಾಳಿಯ ಅಂದಾಜು ಹೇಗೆ ಮಾಡುತ್ತಾರೆಂದರೆ, ನೆಲದಿಂದೇಳುವ ಬಿಸಿಲ ಝಳ ದುರ್ಬೀನಿನಲ್ಲಿ ಯಾವ ಕಡೆಗೆ, ಎಷ್ಟು ಬೇಗ ಹರಿಯುತ್ತಿದೆ ಎಂದು ನೋಡುತ್ತಾರೆ. ನೆಟ್ಟಗಿನ ಗೆರೆಯೇ ಬಾಗಿ ಕಾಣುವ ಕಣ್ಣಿಗೆ ಝಳದ ಓಟ ಎಲ್ಲಿಂದ ಗೊತ್ತಾಗಬೇಕು? "ಗಾಳಿ ನನಗೆ ಕಾಣಲ್ಲ ಮಗ. ಅದಕ್ಕೇ ಗಾಳಿಗೆ ಹೆದರದ ತೋಟಾ ಬೇಕು" ಎಂದರು. ಚೀಟಿಯಲ್ಲಿ ಮ್ಯಾಗ್ನಮ್ ಎಂದೇ ಬರೆದುಕೊಂಡೆ.

ಮಾಲೀಕನಿಗೆ ಮನಸ್ಸಿರಲಿಲ್ಲ. ಮ್ಯಾಗ್ನಮ್ಮೇ ಆಗಬೇಕಾದರೆ ಮೊದಲು ನಮ್ಮಲ್ಲಿರುವ ಹಳೆಯ ರೈಫಲಿನಲ್ಲಿ ಮೂರು ಶನಿವಾರ ಹೊಡೆಯಲಿ, ಆಮೇಲೆ ನೋಡೋಣ ಎಂದ. ಮೂರು ಶನಿವಾರವೂ ಶೂಟಿಂಗ್ ರೇಂಜಿನಲ್ಲಿ ನಾನೇ ಜೊತೆಗಿದ್ದೆ. ದಪ್ಪನೆಯ ಜಾಕೆಟ್ಟು ಹಾಕಿಕೊಂಡು, ಚಾಪೆಯ ಮೇಲೆ ಬೋರಲು ಮಲಗಿ ಆಂಟಿ ಹೊಡೆದರು. ಮುನ್ನೂರು ಗಜದಲ್ಲಿ ಐದು ಗುಂಡುಗಳು ಒಂದು ಅಂಗೈಯೊಳಗೆ. ರೆಪ್ಪೆ ಮಿಟುಕಿಸಲಿಲ್ಲ, ಭುಜ ಬಿಗಿಯಲಿಲ್ಲ. ಪ್ರತಿ ಸಲ "ನೋವಾಯ್ತಾ ಆಂಟಿ?" ಎಂದರೆ "ಏನಿಲ್ಲ, ಇನ್ನೊಂದು ಕೊಡು." ನಲವತ್ತೈದು ವರ್ಷ ಕೋವಿ ಮುಟ್ಟದ ಮನುಷ್ಯರು ಹೀಗೆ ಹೊಡೆಯುವುದನ್ನು ನೋಡಿ ನನಗೆ ಖುಷಿಗಿಂತ ದುಃಖವೇ ಹೆಚ್ಚಾಯಿತು. ಇಷ್ಟು ವರ್ಷ ಬಿಡದೆ ಹೊಡೆದಿದ್ದರೆ ಎಲ್ಲಿರುತ್ತಿದ್ದರೋ ಇವರು ಎಂದೇ ಯೋಚನೆ.

ಆ ಮೂರನೇ ಶನಿವಾರವೇ ಸ್ಟಾಕಿನ ಅಳತೆ ತೆಗೆದುಕೊಂಡೆ. ಭುಜದಿಂದ ಟ್ರಿಗರಿನ ಬೆರಳಿಗೆ ಎಷ್ಟು ದೂರ ಎಂಬುದರ ಮೇಲೆ ಹಿಂಬದಿಯ ಮರದ ಉದ್ದ ನಿಶ್ಚಯವಾಗುತ್ತದೆ. ಬೇರೆ ಗಿರಾಕಿಯಾಗಿದ್ದರೆ ಜಾಕೆಟ್ಟು ತೆಗೆಯಿರಿ, ಸರಿಯಾಗಿ ನೋಡಬೇಕು ಅನ್ನುತ್ತಿದ್ದೆ. ಅಮ್ಮನ ವಯಸ್ಸಿನವರಿಗೆ ರೇಂಜಿನ ಅಷ್ಟು ಗಂಡಸರ ನಡುವೆ ಜಾಕೆಟ್ಟು ಬಿಚ್ಚಿ ಎನ್ನಲು ನಾಲಗೆ ಬರಲಿಲ್ಲ. ಮೇಲಿನಿಂದಲೇ ಟೇಪು ಹಿಡಿದು ಬರೆದುಕೊಂಡೆ. ಮ್ಯಾಗ್ನಮ್ಮಿಗೆ ತಕ್ಕ ನಳಿಗೆ ಬಂತು, ದೊಡ್ಡ ಮುಖದ ಬೋಲ್ಟು ಬಂತು, ಗೂಡು ಕೊರೆಯುವ ರೀಮರ್ ಬಂತು. ನಾನು ಸ್ಟಾಕು ಕತ್ತರಿಸಿದೆ, ನಳಿಗೆಯ ಹೊರಮೈಯನ್ನು ಲೇತಿನಲ್ಲಿ ಕಡೆದು ತಿರುಪಿನ ಎಳೆ ಹಾಕಿದೆ. ಗೂಡು ಕೊರೆಯುವುದೊಂದು ಬಾಕಿ ಇತ್ತು.

ಆ ವಾರ ಆಂಟಿ ಸ್ಕೋಪು, ಅಂದರೆ ಗುರಿ ಹಿಡಿಯಲು ಕೋವಿಯ ಮೇಲೆ ಕೂರಿಸುವ ಸಣ್ಣ ದುರ್ಬೀನು, ಆರಿಸಲು ಬಂದಿದ್ದರು. ಮಾಲೀಕ ಅವರಿಗೆ ಒಂದೊಂದೇ ತೋರಿಸುತ್ತಿದ್ದಾಗ ಅಂಕಲ್ ಮೊದಲ ಸಲ ಅಂಗಡಿಯೊಳಗೆ ಕಾಲಿಟ್ಟರು. ಬಾತ್‌ರೂಮು ಹುಡುಕಿಕೊಂಡು ಬಂದದ್ದು. ಹಿಂತಿರುಗುವಾಗ ನನ್ನ ಲೇತಿನ ಹತ್ತಿರ ನಿಂತು ಗೋಡೆಯ ಫ್ಯಾನನ್ನು ದಿಟ್ಟಿಸಿದರು.

"ಇದು ತಪ್ಪು ಜಾಗದಲ್ಲಿ ಉಂಟು ಮಾರಾಯ್ತಿ. ಬಾಗಿಲಿಂದ ಬಂದ ಗಾಳಿ ನೆಟ್ಟಗೆ ಹೊರಗೆ ಹೋಗ್ತದೆ. ನಿನ್ನ ಎಣ್ಣೆಯ ಹೊಗೆ ಮೂಲೆಯಲ್ಲೇ ಕೂತಿರ್ತದೆ." ಜೇಬಿನಿಂದ ಒಂದು ಟಿಶ್ಯೂ ಪೇಪರು ತೆಗೆದು ಸಣ್ಣ ಪಟ್ಟಿ ಹರಿದು ಎತ್ತಿ ಹಿಡಿದರು. ಬಾಗಿಲ ಬಳಿ ಪಟ್ಟಿ ಅಡ್ಡ ಹಾರಿತು, ನನ್ನ ಮೂಲೆಯಲ್ಲಿ ಜೋತುಬಿತ್ತು. ಕಂಪ್ಯೂಟರ್ ಚಿಪ್ಪಿನ ಫ್ಯಾಕ್ಟರಿಗಳಲ್ಲಿ ಧೂಳು ಕೂರದ ಹಾಗೆ ಗಾಳಿ ಹರಿಸುವುದೇ ಮೂವತ್ತು ವರ್ಷ ತಮ್ಮ ಕೆಲಸವಾಗಿತ್ತು ಎಂದರು. ನಾನು ನಕ್ಕು, ಕಾಫಿ ಕೊಡಲೇ ಎಂದು ಕೇಳಿದೆ. ಹೋಗುವ ಅವಸರದಲ್ಲಿದ್ದವರು ಕಾಫಿ ಎಂದದ್ದೇ ಸ್ಟೂಲು ಎಳೆದುಕೊಂಡರು.

ಲೋಟ ಅರ್ಧವಾಗುವ ಹೊತ್ತಿಗೆ ಒಂದು ದೂರು ಬಂತು. "ಎಂತ ಹೇಳುದು, ನನ್ನ ಜಪದ ಪಂಚೆ ಕಾಣುದಿಲ್ಲ. ತಿಂಗಳಾಗ್ತಾ ಬಂತು. ಕೇಳಿದ್ರೆ ವಾಷಿಂಗ್ ಮೆಶಿನಲ್ಲಿ ಉಂಟು ಅಂತಾಳೆ. ಇವಳು ಕೂಡ ಈಗ ಎಡಮಗ್ಗುಲಿಗೇ ಮಲಗುದು. ಬಲಕ್ಕೆ ತಿರುಗಿದ್ರೆ ಎಚ್ಚರಾಗ್ತದೆ. ಕೇಳಿದ್ರೆ ಎಂತದೂ ಇಲ್ಲ."

ನನ್ನ ಕೈಯಲ್ಲಿದ್ದ ಲೋಟ ಬೆಂಚಿನ ಮೇಲಿಟ್ಟೆ. ಸ್ಕೋಪುಗಳ ಕಡೆ ಹೋಗಿ, ಮಾಲೀಕನಿಗೆ ಅರ್ಥವಾಗದ ಭಾಷೆಯಲ್ಲಿ, ಆದಷ್ಟು ಮೆಲ್ಲಗೆ ಕೇಳಿದೆ. "ಆಂಟಿ, ಜಾಕೆಟ್ಟಿನೊಳಗೆ ಏನಿಟ್ಕೊಂಡು ಹೊಡೀತಿದ್ರಿ?"

ಅವರು ಗಂಡನ ಕಡೆ ನೋಡಿದ ನೋಟವನ್ನು ನಾನು ಮರೆಯುವುದಿಲ್ಲ. ಕಾರಿಗೆ ಹೋಗಿ ಜಾಕೆಟ್ಟು ತಂದರು. ಬಲಭುಜದ ಒಳಗೆ, ಮಡಿಕೆಯ ಮೇಲೆ ಮಡಿಕೆ ಮಾಡಿ ದಾರದಿಂದ ಹೊಲಿದುಕೊಂಡಿದ್ದ ಬಿಳಿ ಪಂಚೆ, ಅಂಚಿನ ಜರಿ ಹಾಗೇ ಇತ್ತು. ಅಂಕಲ್ ಅದನ್ನು ನೋಡಿ, "ಶಿವ ಶಿವ, ಇದರಲ್ಲಿ ಇನ್ನು ಜಪ ಮಾಡ್ಲಿಕ್ಕುಂಟಾ" ಎಂದರು. ಪಂಚೆಯ ದಪ್ಪ ಅಳೆದೆ. ಮುಕ್ಕಾಲು ಇಂಚು. ಅಂದರೆ ನಾನು ಕತ್ತರಿಸಿದ ಸ್ಟಾಕು ಮುಕ್ಕಾಲು ಇಂಚು ಗಿಡ್ಡ, ಮೂರು ಶನಿವಾರದ ಪರೀಕ್ಷೆ ಪೂರ್ತಿ ಸುಳ್ಳು. ಹೇಳಬಾರದೆಂದು ಅವರು, ಕೇಳಬಾರದೆಂದು ನಾನು, ಇಬ್ಬರೂ ಮರ್ಯಾದೆ ಕಾಪಾಡಿಕೊಂಡು ಕೆಲಸ ಕೆಡಿಸಿದ್ದೆವು.

ಆಂಟಿ ಪಟ್ಟು ಬಿಡಲಿಲ್ಲ. ಪಂಚೆ ಇಲ್ಲದೆಯೇ ಹೊಡೆದು ತೋರಿಸುತ್ತೇನೆ ಎಂದರು. ಮರುದಿನವೇ ರೇಂಜಿಗೆ ಹೋದೆವು. ಈ ಸಲ ನಾನು ಅವರಿಗೆ ಹೇಳದೆ ತೋಟಾಗಳ ನಡುವೆ ಮದ್ದಿಲ್ಲದ ಖಾಲಿ ತೋಟಾ ಒಂದನ್ನು ಸೇರಿಸಿದೆ. ಮೂರು ಗುಂಡು ಹಾರಿದವು. ನಾಲ್ಕನೆಯದು ಖಾಲಿ. ಟಕ್ ಎಂದು ಸದ್ದಾಯಿತು ಅಷ್ಟೇ, ಆದರೆ ಬರದ ಒದೆತಕ್ಕೆ ಹೆದರಿ ಭುಜ ಮುಂದೆ ನುಗ್ಗಿ, ನಳಿಗೆಯ ತುದಿ ಕುಸಿದದ್ದು ಇಬ್ಬರಿಗೂ ಕಂಡಿತು. ಹೀಗೆ ಕುಸಿದರೆ ಸಾವಿರ ಗಜದಲ್ಲಿ ಗುಂಡು ಯಾವ ಗುಡ್ಡಕ್ಕೆ ಹೋಗುತ್ತದೋ ಹೇಳುವಂತಿಲ್ಲ. ಆಂಟಿ ಕೋವಿಯನ್ನು ಚಾಪೆಯ ಮೇಲಿಟ್ಟು ಎದ್ದು ಕೂತರು.

"ಮೋಸ ಮಾಡಿದೆ ನೀನು."

"ನೀವು ಮೂರು ವಾರ ಮಾಡಿದ್ರಿ."

ಅದಕ್ಕೆ ಅವರು ನಗಲಿಲ್ಲ. ಜಾಕೆಟ್ಟು ಮಡಿಚಿ ಕಂಕುಳಲ್ಲಿಟ್ಟುಕೊಂಡು ಹೊರಟರು. ಆಮೇಲೆ ಎರಡು ವಾರ ಬರಲಿಲ್ಲ, ಫೋನೂ ಎತ್ತಲಿಲ್ಲ. ನಳಿಗೆಯ ತುದಿಗೆ, ಮದ್ದಿನ ಹೊಗೆಯನ್ನು ಪಕ್ಕಕ್ಕೆ ತಿರುಗಿಸುವ ಬ್ರೇಕು ಹಾಕಿದರೆ ಒದೆತ ಕಡಿಮೆಯಾಗುತ್ತದೆ ಎಂದ ಮಾಲೀಕ. ಒದೆತವೇನೋ ಕಡಿಮೆಯಾಗುತ್ತದೆ, ಅದರ ಬದಲು ಸದ್ದು ಮುಖಕ್ಕೆ ಹೊಡೆಯುತ್ತದೆ, ಧೂಳೆದ್ದು ಇರುವ ಕಣ್ಣೂ ಮುಚ್ಚಿಕೊಳ್ಳುತ್ತದೆ. ನಾನು ಬೇಡವೆಂದೆ. ಮ್ಯಾಗ್ನಮ್ಮಿನ ನಳಿಗೆ ನನ್ನ ಬೆಂಚಿನ ಮೇಲೆ ಹಾಗೇ ಬಿದ್ದಿತ್ತು. ಅದನ್ನು ನೋಡಿದಾಗಲೆಲ್ಲ ಆ ಹಾಳೆಯ ಬಾಗಿದ ಗೆರೆಗಳ ನೆನಪು. ಕೆಲಸ ತಡವಾದರೆ ಬೇರೆ ಗಿರಾಕಿಗಳು ಗೊಣಗುತ್ತಾರೆ, ಕಾಯುತ್ತಾರೆ. ಇವರಿಗೆ ಕಾಯುವ ಅನುಕೂಲವಿರಲಿಲ್ಲ.

ನಿಜ ಹೇಳಬೇಕೆಂದರೆ ಅವರ ದನಿ ಇಲ್ಲದೆ ಅಂಗಡಿಯೇ ಬಿಕೋ ಅನ್ನುತ್ತಿತ್ತು. ಲೇತಿನ ಕೆಲಸವನ್ನು ನಾನು ಕಲಿತದ್ದು ಪೀಣ್ಯದಲ್ಲಿ, ಕನ್ನಡದಲ್ಲಿ. "ಸ್ವಲ್ಪ ತೆಗಿ, ಸ್ವಲ್ಪ ಬಿಡು, ಉಗುರಿಗೆ ತಾಗಬಾರದು" ಎಂದು ಬೈಸಿಕೊಂಡು ಕಲಿತ ಕೆಲಸ. ಇಲ್ಲಿಗೆ ಬಂದ ಮೇಲೆ ಕನ್ನಡ ಅಡುಗೆಮನೆಗೂ ಫೋನಿಗೂ ಉಳಿದಿತ್ತು. ಕಬ್ಬಿಣದ ಎದುರು ನಿಂತು ಕನ್ನಡದಲ್ಲಿ ಮಾತಾಡಿದ್ದು ಆಂಟಿ ಬಂದ ಮೇಲೆಯೇ. ನನಗೆ ಅದು ಬೇಕಾಗಿತ್ತು ಎಂದು ಅದು ನಿಂತ ಮೇಲೆ ಗೊತ್ತಾಯಿತು.

ಒಂದು ಮಧ್ಯಾಹ್ನ ಲೆಕ್ಕವನ್ನು ಮತ್ತೆ ಮೊದಲಿನಿಂದ ಹಾಕಿದೆ. ಮ್ಯಾಗ್ನಮ್ಮಿಗೂ ಸಿಕ್ಸ್ ಫೈವಿಗೂ ಇರುವ ವ್ಯತ್ಯಾಸ ಹತ್ತು ಮೈಲಿ ಗಾಳಿಗೆ ಅರ್ಧ ಅಡಿ. ಸಿಕ್ಸ್ ಫೈವಿನ ಗುಂಡು ಒಂದು ಮೈಲಿ ಗಾಳಿಗೆ ಸರಿಯುವುದೂ ಹೆಚ್ಚುಕಡಿಮೆ ಅರ್ಧ ಅಡಿಯೇ. ಅಂದರೆ ಅಷ್ಟು ದೊಡ್ಡ ಒದೆತ ತಿಂದು ಆಂಟಿ ಗಳಿಸುತ್ತಿದ್ದದ್ದು ಒಂದು ಮೈಲಿ ಗಾಳಿಯ ವಿನಾಯಿತಿ ಮಾತ್ರ. ಗಾಳಿಯನ್ನು ಒಂದು ಮೈಲಿಯ ಆಚೀಚೆಗೆ ಸರಿಯಾಗಿ ಹೇಳಬಲ್ಲ ಒಬ್ಬರು ಪಕ್ಕದಲ್ಲಿದ್ದರೆ ಮ್ಯಾಗ್ನಮ್ಮೇ ಬೇಡ. ಆಗ ಮೂಲೆಯಲ್ಲಿ ಜೋತುಬಿದ್ದ ಟಿಶ್ಯೂ ಪೇಪರಿನ ಪಟ್ಟಿ ನೆನಪಾಯಿತು. ಮಾಲೀಕನಿಗೆ ಹೇಳಿ ಮ್ಯಾಗ್ನಮ್ಮಿನ ರೀಮರ್ ವಾಪಸ್ಸು ಕಳಿಸಿದೆ. ಗಿರಾಕಿಯನ್ನು ಕೇಳದೆ ತೋಟಾ ಬದಲಿಸಿದ್ದು ಅದೇ ಮೊದಲು, ಇನ್ನೊಮ್ಮೆ ಮಾಡುವ ಧೈರ್ಯವಿಲ್ಲ.

ಅಂಕಲ್‌ಗೆ ಫೋನು ಮಾಡಿ ಕೊಲ್ಲಿಯ ದಡದ ಪಾರ್ಕಿಗೆ ಕರೆಸಿದೆ, ಮೆನ್ಲೋ ಪಾರ್ಕ್ ಎಂಬ ಊರಿನ ಆಫೀಸುಗಳ ಹಿಂದೆ. ಬೆಂಚಿನ ಮುಂದೆ ದುರ್ಬೀನು ನಿಲ್ಲಿಸಿ, ಜವುಗು ನೆಲದ ಮೇಲೆ ಕುದಿಯುತ್ತಿದ್ದ ಝಳವನ್ನು ತೋರಿಸಿದೆ.

"ನಾನು ಕೋವಿ ಮುಟ್ಟುದಿಲ್ಲ" ಎಂದರು ಮೊದಲೇ.

"ಮುಟ್ಟೋದು ಬೇಡ ಅಂಕಲ್. ಗಾಳಿ ನೋಡಿ ಹೇಳಿದ್ರೆ ಸಾಕು."

"ಅವಳು ಕೇಳಿದ್ಲಾ?"

"ಇಲ್ಲ."

"ಕೇಳುದಿಲ್ಲ ಅವಳು." ದುರ್ಬೀನಿಗೆ ಕಣ್ಣಿಟ್ಟರು. "ಪ್ರತಿ ವರ್ಷ ಅವರ ಕೈಲ್ ಮುಹೂರ್ತದ ದಿನ ಕಡುಬು ಮಾಡ್ತಾಳೆ. ಬಡಿಸಿ, ಅಡುಗೆಮನೆ ಕಿಟಕಿ ಹತ್ರ ಹೋಗಿ ಒಬ್ಬಳೇ ನಿಲ್ತಾಳೆ. ಎಂತಕ್ಕೆ ಅಂತ ನನಗೆ ಗೊತ್ತುಂಟು. ಗೊತ್ತಿದ್ದೂ ಒಂದು ದಿನ ಕೇಳ್ಲಿಲ್ಲ ನಾನು. ಕೇಳಿದ್ರೆ ಏನಾದ್ರೂ ಮಾಡ್ಬೇಕಾಗ್ತದೆ ಅಲ್ವಾ." ಆಮೇಲೆ ಅದೇ ಉಸಿರಿನಲ್ಲಿ, "ಈ ಝಳ ಎಡದಿಂದ ಬಲಕ್ಕೆ ಹರೀತಾ ಉಂಟು. ನಾಲ್ಕು ಮೈಲಿ ಇರ್ಬಹುದು" ಎಂದರು. ನನ್ನ ಕೈಯಲ್ಲಿದ್ದ ಗಾಳಿಯ ಮೀಟರು ನಾಲ್ಕೂ ಕಾಲು ತೋರಿಸುತ್ತಿತ್ತು.

ನಾಲ್ಕು ದಿನ ಬಿಟ್ಟು ಅವರ ಮನೆಗೆ ಹೋದೆ. ಅಷ್ಟರಲ್ಲಿ ಅಂಕಲ್ ನನ್ನ ದುರ್ಬೀನು, ಮೀಟರು ಇಟ್ಟುಕೊಂಡು ದಿನಾ ಪಾರ್ಕಿಗೆ ಹೋಗಿ ಒಂದು ನೋಟುಬುಕ್ಕು ತುಂಬಿಸಿದ್ದರು. ಫ್ರಿಜ್ಜಿನ ಬಾಗಿಲಿಗೆ ಆ ಚೌಕುಳಿ ಹಾಳೆ ಅಂಟಿಸಿತ್ತು. ಬಾಗಿ ಕಾಣುವ ಗೆರೆಗಳಿಗೆ ಆಂಟಿ ಪೆನ್ಸಿಲ್ಲಿನಲ್ಲಿ ಗುರುತು ಹಾಕಿಕೊಳ್ಳುತ್ತಿದ್ದರು. ಮೂರು ಇದ್ದದ್ದು ಐದಾಗಿತ್ತು. ಚುಕ್ಕೆಗೆ ಇನ್ನು ಎರಡೇ ಗೆರೆ ದೂರ. ನಾನು ಅದನ್ನು ನೋಡಿದ್ದನ್ನು ಅವರು ನೋಡಿದರು.

"ಮ್ಯಾಗ್ನಮ್ ಬೇಡ ಆಂಟಿ. ಸಿಕ್ಸ್ ಫೈವ್ ಮಾಡೋಣ. ಕೋವಿ ಸ್ವಲ್ಪ ಭಾರ ಇಡ್ತೀನಿ, ಒದೆಯೋದೇ ಗೊತ್ತಾಗಲ್ಲ."

"ಗಾಳಿ?"

"ಗಾಳಿ ನಾನು ನೋಡ್ತೇನೆ" ಎಂದರು ಅಂಕಲ್, ಸೋಫಾದಿಂದ, ಪೇಪರಿನಿಂದ ಕಣ್ಣೆತ್ತದೆ.

ಆಂಟಿ ಕಾಫಿಯ ಪಾತ್ರೆ ಕೆಳಗಿಟ್ಟು ಅವರನ್ನೇ ನೋಡಿದರು. "ಇವರಾ? ಸೊಳ್ಳೆ ಹೊಡೆಯೋಕೂ ಎರಡು ಸಲ ಯೋಚನೆ ಮಾಡೋ ಮನುಷ್ಯ" ಎಂದು ನನಗೆ ಹೇಳಿದರು. ದನಿ ಮಾತ್ರ ತಮಾಷೆಯದಾಗಿರಲಿಲ್ಲ. ಅಂಕಲ್ ನೋಟುಬುಕ್ಕು ತಂದು ಮೇಜಿನ ಮೇಲಿಟ್ಟರು. ದಿನ, ಹೊತ್ತು, ತಮ್ಮ ಅಂದಾಜು, ಮೀಟರು ಹೇಳಿದ್ದು, ಎಲ್ಲ ಸಾಲಾಗಿ ಬರೆದಿದ್ದರು. ಕೊನೆಯ ಪುಟಗಳಲ್ಲಿ ಒಂದು ಮೈಲಿಗಿಂತ ಹೆಚ್ಚು ತಪ್ಪಿದ್ದು ಎಲ್ಲೂ ಇರಲಿಲ್ಲ. ಆಂಟಿ ಪುಸ್ತಕವನ್ನು ಕಣ್ಣಿನ ಹತ್ತಿರ ಹಿಡಿದು ನಿಧಾನವಾಗಿ ಓದಿದರು. ಆಮೇಲೆ ನನಗೆ, "ಯಾವಾಗ ಕೊರೀತೀಯಾ?" ಎಂದರು.

ಹೊಸ ನಳಿಗೆ, ಚಿಕ್ಕ ಮುಖದ ಬೋಲ್ಟು, ಸಿಕ್ಸ್ ಫೈವಿನ ರೀಮರ್. ಗಿಡ್ಡವಾಗಿದ್ದ ಸ್ಟಾಕಿಗೆ ಹಿಂಬದಿಯಲ್ಲಿ ಮುಕ್ಕಾಲು ಇಂಚಿನ ಪಟ್ಟಿ ಸೇರಿಸಿದೆ. ಗೂಡು ಕೊರೆಯುವ ದಿನ ಆಂಟಿ ಬಂದು ನನ್ನ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡರು. ನಳಿಗೆಯನ್ನು ಲೇತಿಗೆ ಕಟ್ಟಿ, ತೂತು ಒಂದಿಷ್ಟೂ ಓಲಾಡದೆ ತಿರುಗುವವರೆಗೆ ಡಯಲಿನ ಮುಳ್ಳು ನೋಡುತ್ತ ನಾಲ್ಕು ತಿರುಪುಗಳನ್ನು ಬಿಗಿಯುವುದಕ್ಕೇ ಅರ್ಧ ಗಂಟೆ ಹಿಡಿಯಿತು. ಆಮೇಲೆ ರೀಮರನ್ನು ಒಳಗೆ ತಳ್ಳುವುದು, ಸ್ವಲ್ಪ ಕೊರೆಯುವುದು, ಹೊರಗೆ ತೆಗೆದು ಚೂರು ಒರೆಸುವುದು, ಎಣ್ಣೆ ಹಾಕಿ ಮತ್ತೆ ತಳ್ಳುವುದು. ಏನು ಮಾಡುತ್ತಿದ್ದೇನೆಂದು ಒಂದೊಂದನ್ನೂ ಕನ್ನಡದಲ್ಲೇ ಹೇಳುತ್ತ ಹೋದೆ. ಕೊನೆಗೆ, ಗೂಡಿನ ಆಳ ಅಳೆಯುವ ಎರಡು ಗೇಜುಗಳ ಪರೀಕ್ಷೆ. ಒಂದರ ಮೇಲೆ ಬೋಲ್ಟು ಮುಚ್ಚಬೇಕು, ಇನ್ನೊಂದರ ಮೇಲೆ ಮುಚ್ಚಬಾರದು. ಎರಡೂ ಹೇಳಿದ ಮಾತು ಕೇಳಿದವು. ಸ್ಕೋಪಿನೊಳಗೆ ತೆಳ್ಳನೆಯ ಗುರಿಗೆರೆ ಬೇಡವೆಂದು ದಪ್ಪ ಗೆರೆಯ, ನಡುವೆ ಖಾಲಿ ಬಿಟ್ಟ ಅಡ್ಡಕಡ್ಡಿಯದನ್ನು ಆರಿಸಿದೆವು.

ಕೋವಿ ಕೊಳ್ಳುವ ಕಾಗದಪತ್ರ, ಕಾನೂನಿನಂತೆ ಕಾಯುವ ದಿನಗಳು ಎಲ್ಲ ಮುಗಿದು ಸಾವಿರ ಗಜದ ರೇಂಜಿಗೆ ಹೋದಾಗ ಬೇಸಿಗೆ ಕಳೆಯುತ್ತ ಬಂದಿತ್ತು. ಬೆಳಿಗ್ಗೆ ಹೊರಟು ಮೂರು ತಾಸಿನ ಡ್ರೈವು, ಫ್ರೀವೇ ಬಿಟ್ಟ ಮೇಲೆ ಒಣಹುಲ್ಲಿನ ಗುಡ್ಡಗಳು. ಅಂಕಲ್ ಡಬ್ಬಿಯಲ್ಲಿ ಅವಲಕ್ಕಿ ಕಲಸಿ ತಂದಿದ್ದರು. ದಾರಿಯಲ್ಲಿ ಆಂಟಿ ನನಗೊಬ್ಬಳಿಗೇ ಕೇಳುವಂತೆ, ಕಳೆದ ವಾರದಿಂದ ಗೆರೆಗಳನ್ನು ಗುರುತು ಮಾಡುವುದು ಬಿಟ್ಟಿದ್ದೇನೆ ಎಂದರು. ಚುಕ್ಕೆಯ ಹತ್ತಿರದ ಗೆರೆಯೂ ಬಾಗಿರಬೇಕು ಎಂದುಕೊಂಡೆ.

ನೂರು ಗಜ, ಮುನ್ನೂರು, ಆರುನೂರು, ಒಂದೊಂದರಲ್ಲೂ ಸ್ಕೋಪು ಸರಿಮಾಡಿಕೊಂಡು ಮುಂದೆ ಹೋದೆವು. ಸಾವಿರ ಗಜದಲ್ಲಿ, ಕಂದು ಗುಡ್ಡದ ಬುಡದಲ್ಲಿ, ಬಿಳಿ ಬಣ್ಣ ಬಳಿದ ಇಪ್ಪತ್ತು ಇಂಚಿನ ಉಕ್ಕಿನ ಹಲಗೆ. ನನ್ನ ಬರಿಗಣ್ಣಿಗೆ ಅದು ಇದೆಯೋ ಇಲ್ಲವೋ ಎನ್ನುವಷ್ಟೇ. ಅದಕ್ಕೆಂದು ಇಪ್ಪತ್ತು ತೋಟಾ ಉಳಿಸಿದ್ದೆ. ಆಂಟಿ ಬೋರಲು ಮಲಗಿದರು. ಅಂಕಲ್ ಅವರ ಬಲಗಡೆ ಮಡಚುವ ಕುರ್ಚಿಯಲ್ಲಿ, ಕಿವಿಗೆ ಸದ್ದು ತಡೆಯುವ ಮಫ್ ಹಾಕಿಕೊಂಡು, ದುರ್ಬೀನಿಗೆ ಕಣ್ಣಿಟ್ಟು ಕೂತರು. ಕೋವಿಗೂ ಅವರ ಮೊಣಕಾಲಿಗೂ ನಡುವೆ ಒಂದು ಮೊಳ ಜಾಗ ಬಿಟ್ಟುಕೊಂಡಿದ್ದರು.

"ಕಾಣ್ತದಾ?" ಎಂದರು.

"ಬಿಳಿ ಮಸುಕು ಕಾಣುತ್ತೆ. ನೀವು ಗಾಳಿ ಹೇಳಿ."

"ಬಲದಿಂದ ನಾಲ್ಕು ಮೈಲಿ."

ಮೊದಲ ಗುಂಡು. ಕೋವಿ ಕದಲಿತೋ ಇಲ್ಲವೋ. ಆಂಟಿ ತಲೆ ಎತ್ತದೆ ಕೇಳಿದರು. "ತಾಗಿತಾ?"

"ಇಲ್ಲ. ಎಡಕ್ಕೆ ಹೋಯ್ತು, ಅಂಚಿನಿಂದ ಅರ್ಧ ಅಡಿ ಆಚೆ. ನಾನು ಕಡಿಮೆ ಹೇಳಿದ್ದು. ಆರು ಮೈಲಿ."

ಎರಡನೆಯದು ಹಲಗೆಯ ಕೆಳಗೆ ಮಣ್ಣೆಬ್ಬಿಸಿತು. ನಾನು ಸ್ಕೋಪು ಎರಡು ಗೀಟು ಏರಿಸಿದೆ. ಮೂರನೆಯದಕ್ಕೆ ಅಂಕಲ್ ಗಾಳಿ ಹೇಳಿದ ಮೇಲೆ ಆಂಟಿ ಉಸಿರು ಹಿಡಿದು ಬಹಳ ಹೊತ್ತು ತಡೆದರು, ಅಷ್ಟರಲ್ಲಿ ಗಾಳಿ ಬಿದ್ದುಹೋಗಿ ಗುಂಡು ಬಲಕ್ಕೆ ಬಿತ್ತು. "ಇಲ್ಲ" ಎಂದರು ಅಂಕಲ್, ಅದೇ ದನಿಯಲ್ಲಿ. ಒಂದು ಸುಳ್ಳು ಹೇಳಿಬಿಡಲಿ ಎಂದು ಆ ಕ್ಷಣ ನನಗೆ ಆಸೆಯಾಯಿತು. ಆ ಮನುಷ್ಯನಿಗೆ ಅದು ಬರುವುದಿಲ್ಲ ಎಂದೂ ಗೊತ್ತಿತ್ತು. "ನಾನು ಹೇಳಿದ ಕೂಡ್ಲೇ ಹೊಡಿ. ಕಾಯ್ಬೇಡ" ಎಂದರು. ಝಳ ನೋಡುತ್ತ ನೋಡುತ್ತ, "ಐದು. ಈಗ."

ನಾಲ್ಕನೆಯ ಗುಂಡು. ತಲುಪಲು ಒಂದೂವರೆ ಸೆಕೆಂಡು.

"ತಾಗಿತು" ಎಂದರು ಅಂಕಲ್.

ಆಂಟಿ ಅಲುಗಾಡಲಿಲ್ಲ. ಸದ್ದು ಹಿಂದಿರುಗಲು ಇನ್ನೂ ಮೂರು ಸೆಕೆಂಡು ಬೇಕು, ಅದು ಅವರಿಗೆ ಗೊತ್ತಿತ್ತು. ಬಂತು. ಯಾರೋ ದೂರದಲ್ಲಿ ಪಾತ್ರೆಗೆ ಚಮಚ ತಾಗಿಸಿದಷ್ಟು ಸಣ್ಣಗೆ. ಅವರು ಬೋಲ್ಟು ಎಳೆದು ಖಾಲಿ ಚಿಪ್ಪು ಹೊರಗೆ ಹಾಕಿದರು. ನಿಧಾನವಾಗಿ ಎದ್ದು ಕೂತು, ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ಆಯ್ತು ಮಗ. ಸಾಕು. ಹೊರಡೋಣ" ಎಂದರು. ನಾನು ಕೋವಿಯ ಪೆಟ್ಟಿಗೆ ಎಳೆದುಕೊಂಡೆ.

ಅಂಕಲ್ ದುರ್ಬೀನು ಬಿಟ್ಟು ಏಳಲಿಲ್ಲ. "ಇನ್ನೊಂದು ಹೊಡಿ" ಎಂದರು. "ಗಾಳಿ ಈಗ ಒಳ್ಳೇದುಂಟು."

ಆಂಟಿ ಕನ್ನಡಕವನ್ನು ಕೈಯಲ್ಲೇ ಹಿಡಿದು ಅವರ ಕಡೆ ತಿರುಗಿದರು. "ಈ ಮಾತನ್ನ ನನ್ನ ಕಣ್ಣು ನೆಟ್ಟಗಿದ್ದಾಗ ಹೇಳಿದ್ರೆ ನಾನು ಎಷ್ಟು ಹೊಡೀತಿದ್ದೆ ಗೊತ್ತಾ ನಿಮಗೆ" ಎಂದರು. ಸಿಟ್ಟಿರಲಿಲ್ಲ ಅದರಲ್ಲಿ. ಸಿಟ್ಟಿದ್ದರೆ ಕೇಳಲು ಇಷ್ಟು ಕಷ್ಟವಾಗುತ್ತಿರಲಿಲ್ಲ.

ಅಂಕಲ್ ದುರ್ಬೀನಿನಿಂದ ಮುಖ ಎತ್ತಿದರು. "ಹೌದು" ಎಂದರು. "ತುಂಬ ಹೊಡೀತಿದ್ದೆ ನೀನು." ಆಮೇಲೆ ಮತ್ತೆ ಬಗ್ಗಿ ಕಣ್ಣಿಟ್ಟರು. "ಬಲದಿಂದ ಮೂರು ಮೈಲಿ. ನೀನು ಮಲಗು, ನಾನು ಹೇಳ್ತೇನೆ."

ಆಂಟಿ ಕನ್ನಡಕ ಹಾಕಿಕೊಂಡು ಮತ್ತೆ ಮಲಗಿದರು. ಉಳಿದಿದ್ದ ಹದಿನಾರು ತೋಟಾಗಳನ್ನೂ ಅವರ ಬಲಗೈಗೆ ಎಟುಕುವ ಹಾಗೆ ಸಾಲಾಗಿಟ್ಟು ನಾನು ಹಿಂದೆ ಸರಿದೆ.